ಕುಂಕುಮದ ತಟ್ಟೆ ನಿಲ್ಲದ ಮನೆ

ಕಳೆದ ಗುರುವಾರ ಮಠದ ಇದೇ ಮಂಟಪದಲ್ಲಿ ಕೂತು ಪ್ರವಚನದ ನಡುವೆ ನಾನು ಒಂದು ನಗೆಯ ಮಾತು ಹೇಳಿದೆ. ಯಾರೂ ನಗಲಿಲ್ಲ. ನಿಮಗೆ ನೆನಪಿರಬಹುದು. ಮಾತು ಸಪ್ಪೆಯಾಗಿತ್ತೆ? ಇಲ್ಲ. ಹೋದ ವರ್ಷ ಅದೇ ಮಾತಿಗೆ ಈ ಗೋಪುರದ ಪಾರಿವಾಳಗಳು ಹಾರಿಹೋಗುವಷ್ಟು ನಕ್ಕಿದ್ದಿರಿ. ಹಾಗಾದರೆ ಏನಾಗಿತ್ತು? ನೋಡಿ, ಆ ಎಡಗಡೆಯ ಕಂಬಕ್ಕೆ ಒರಗಿ ಕೂರುತ್ತಿದ್ದ ಹಾಲಮ್ಮನವರು ಅಂದು ಬಂದಿರಲಿಲ್ಲ. ನಾನು ಮಾತು ಮುಗಿಸುವ ಮೊದಲೇ ಆಕೆ ನಗುತ್ತಿದ್ದರು. ಆಕೆ ನಕ್ಕರೆಂದು ನೀವು ನಗುತ್ತಿದ್ದಿರಿ. ನೀವು ನಕ್ಕಿರೆಂದು ನಾನು ನನಗೆ ಹಾಸ್ಯ ಬರುತ್ತದೆ ಎಂದುಕೊಂಡಿದ್ದೆ. ಅಂದು ಮಾತು ಮುಗಿಯಿತು, ಮಂಟಪ ಸುಮ್ಮನಿತ್ತು, ಎಲ್ಲರೂ ಆ ಕಂಬದ ಕಡೆ ತಿರುಗಿದಿರಿ. ಮಂಗಳಾರತಿಯ ಹೊತ್ತಿಗೆ ಆಕೆಯ ಪಕ್ಕದ ಮನೆಯವರು ಬಂದು ಮೆಟ್ಟಿಲ ಕೆಳಗೇ ನಿಂತರು. ಚಪ್ಪಲಿ ಬಿಡಲಿಲ್ಲ. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ ಎಂದರು.

ಇಂದು ಆಕೆಯ ಶಿವಗಣಾರಾಧನೆ. ಇಂಥ ದಿನ ದೇಹ ನಶ್ವರ, ಸಂಸಾರ ಮಾಯೆ ಎಂದು ಹೇಳುವುದು ರೂಢಿ. ನಾನು ಹಾಗೆ ಶುರುಮಾಡಿದಾಗಲೆಲ್ಲ ಆಕೆ ಆ ಕಂಬಕ್ಕೆ ಒರಗಿ ಕಣ್ಣು ಮುಚ್ಚುತ್ತಿದ್ದರು. ಧ್ಯಾನವಲ್ಲ, ನಿದ್ದೆ. ದೃಷ್ಟಾಂತ ಶುರುವಾದ ಕೂಡಲೇ ಕಣ್ಣು ಬಿಡುತ್ತಿದ್ದರು. ಆದ್ದರಿಂದ ಇಂದು ನೇರವಾಗಿ ದೃಷ್ಟಾಂತಕ್ಕೇ ಬರುತ್ತೇನೆ. ನಗುವ ಜಾಗದಲ್ಲಿ ನಗಿ. ಸಂಕೋಚ ಬೇಡ. ಈ ಸಾರಿ ನೀವೇ ಶುರುಮಾಡಬೇಕು, ಶುರುಮಾಡಿಕೊಡುತ್ತಿದ್ದವರು ಹೋದರು.

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಇರಲಿ ಬಿಡಿ, ಕಥೆ ಅವನದಲ್ಲ. ಯಾವಾಗಲೂ ಅವನದೇ ಕಥೆ ಏಕೆ? ಕಥೆ ಅವನ ಎದುರುಮನೆಯ ದರ್ಜಿಯದು.

ಆ ದರ್ಜಿಗೆ ಒಬ್ಬ ತಾಯಿ, ಒಬ್ಬ ಹೆಂಡತಿ, ಒಬ್ಬಳು ಮಗಳು, ಒಂದು ಹೊಲಿಗೆ ಯಂತ್ರ. ಎದುರುಮನೆಯ ಶ್ರೀಮಂತ ಪ್ರತಿ ಬೇಸಿಗೆಯಲ್ಲಿ ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು, ದೊಡ್ಡ ಪಟ್ಟಣದ ಆಚೆ ಒಂದು ನೀರಾಟದ ಪಾರ್ಕು ಇದೆಯಂತೆ, ಅಲ್ಲಿಗೆ ಹೋಗಿ ಬರುತ್ತಿದ್ದ. ಬಂದ ಮೇಲೆ ಅವನ ಮಕ್ಕಳ ಮಣಿಕಟ್ಟಿನಲ್ಲಿ ಟಿಕೆಟ್ಟಿನ ಗುರುತಿಗೆ ಸುತ್ತಿದ ಒಂದು ಬಣ್ಣದ ಕಾಗದದ ಪಟ್ಟಿ. ಅದನ್ನು ಎಂಟು ದಿನ ಬಿಚ್ಚುತ್ತಿರಲಿಲ್ಲ. ಸ್ನಾನ ಮಾಡುವಾಗಲೂ ಆ ಕೈ ಮೇಲೆತ್ತಿಕೊಂಡೇ ಸ್ನಾನ. ನಾವು ಶಿವದಾರವನ್ನು ಕೂಡ ಅಷ್ಟು ಭಕ್ತಿಯಿಂದ ಧರಿಸುವುದಿಲ್ಲ.

ದರ್ಜಿಯ ಮಗಳು ಮೊದಲನೆಯ ವರ್ಷ ಕೇಳಿದಳು. “ಅಪ್ಪ, ನಾವೂ ಹೋಗೋಣ್ವಾ?”

ದರ್ಜಿ ಹೇಳಿದ. “ನೋಡೋಣ ಪುಟ್ಟಿ.”

ನೋಡೋಣ! ಎಂಥ ಮಾತು ನೋಡಿ ಅದು. ಹೆಣ್ಣು ನೋಡಲು ಬಂದವರು ಎದ್ದು ಹೋಗುವಾಗ ನೋಡೋಣ ಎಂದರೆ ಏನರ್ಥ? ಕೈಸಾಲ ಕೇಳಿದಾಗ ಭಾವಮೈದುನ ನೋಡೋಣ ಎಂದರೆ ಏನರ್ಥ? ನಿಮಗೂ ಗೊತ್ತು, ನನಗೂ ಗೊತ್ತು. ಮಕ್ಕಳಿಗೆ ಮಾತ್ರ ಗೊತ್ತಿಲ್ಲ ಎಂದು ನಾವು ತಿಳಿದಿದ್ದೇವೆ. ಎರಡನೆಯ ವರ್ಷವೂ ಅವಳು ಕೇಳಿದಳು, ಎರಡನೆಯ ವರ್ಷವೂ ನೋಡೋಣ ಬಂತು.

ಮೂರನೆಯ ವರ್ಷ ಏನಾಯಿತು? ಶ್ರೀಮಂತನ ಮಕ್ಕಳು ಬಂದರು, ಕೈ ಚಾಚಿ ಪಟ್ಟಿ ತೋರಿಸಿದರು. ದರ್ಜಿಯ ಮಗಳು ನೋಡಿದಳು. “ಚೆನ್ನಾಗೈತೆ” ಎಂದಳು. ಒಳಗೆ ಬಂದು ಅಪ್ಪನ ಪಕ್ಕ ಕೂತು ಅವನು ಹೊಲಿದ ಅಂಗಿಗೆ ಗುಂಡಿ ಹಚ್ಚತೊಡಗಿದಳು. ದರ್ಜಿ ಕಾದ. ಈಗ ಕೇಳುತ್ತಾಳೆ, ಇನ್ನೊಂದು ಗುಂಡಿ ಆದಮೇಲೆ ಕೇಳುತ್ತಾಳೆ. ನೋಡೋಣ ಎನ್ನುವ ಮಾತು ಅವನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ಕೂತಿತ್ತು. ಅವಳು ಕೇಳಲಿಲ್ಲ. ಗುಂಡಿ ಹಚ್ಚಿದಳು, ದಾರವನ್ನು ಹಲ್ಲಲ್ಲಿ ಕಡಿದಳು, ಅಂಗಿ ಮಡಿಸಿಟ್ಟು ಎದ್ದು ಹೋದಳು.

ಪಾರ್ಕು ಮಾತ್ರವಲ್ಲ, ಅವಳು ಏನನ್ನೂ ಕೇಳುತ್ತಿಲ್ಲ ಎನ್ನುವುದು ಅವನಿಗೆ ಆಗ ಹೊಳೆಯಿತು. ಜಾತ್ರೆಯ ಬಳೆ ಕೇಳಲಿಲ್ಲ, ಹುಟ್ಟಿದ ಹಬ್ಬಕ್ಕೆ ಕೇಕು ಕೇಳಲಿಲ್ಲ. ಎಷ್ಟು ಒಳ್ಳೆಯ ಮಗು ಎಂದು ಊರವರು ಹೊಗಳುತ್ತಿದ್ದರು. ತಾಯಂದಿರೆ, ಹಟ ಮಾಡುವ ಮಗುವನ್ನು ಸಹಿಸಬಹುದು. ಕೇಳುವುದನ್ನೇ ಬಿಟ್ಟ ಮಗುವಿನ ಎದುರು ಕೂತು ಗುಂಡಿ ಹಚ್ಚಿ ನೋಡಿ, ಆಗ ತಿಳಿಯುತ್ತದೆ.

ದರ್ಜಿ ಪಾರ್ಕಿಗೆ ಫೋನು ಮಾಡಿದ. ಆ ಕಡೆಯ ಹುಡುಗಿ ಟಿಕೆಟ್ಟಿನ ದರ ಹೇಳಿದಳು. ಅವನಿಗೆ ಫೋನು ಬಿಸಿಯಾದಂತಾಯಿತು.

“ಸ್ವಲ್ಪ ಕಡಿಮೆ ಮಾಡ್ಕೊಳಿ ತಾಯಿ. ನಮ್ಮವ್ವ ನೀರಿಗೆ ಇಳಿಯಲ್ಲ, ದಡದಲ್ಲಿ ಕೂತಿರ್ತಾಳೆ.”

“ದಡದಲ್ಲಿ ಕೂತ್ರೂ ಟಿಕೆಟ್ ಇದೆ ಸಾರ್. ಆದ್ರೆ ಮೂವತ್ತು ಜನ ಒಟ್ಟಿಗೆ ಬಂದ್ರೆ ಗ್ರೂಪ್ ರೇಟು. ಊಟನೂ ಅದರಲ್ಲೇ.”

ಮೂವತ್ತು ಜನ! ದರ್ಜಿಯ ತಲೆ ಯಂತ್ರದ ಚಕ್ರದಂತೆ ತಿರುಗಿತು. ಉಳಿದ ಚಿಂದಿಯಲ್ಲಿ ಒಂದು ಲಂಗ ಹೊಲಿದುಬಿಡುವವನು ಅವನು. ನೆಂಟರಿಷ್ಟರನ್ನು ಕೂಡಿಸಿ ಮೂವತ್ತು ಮಾಡಿದರೆ ಬಸ್ಸಿನ ಬಾಡಿಗೆ ಹಂಚಿಹೋಗುತ್ತದೆ, ಟಿಕೆಟ್ಟು ಇಳಿಯುತ್ತದೆ, ಊಟ ಬಿಟ್ಟಿ. ತನ್ನ ಕೂಡಿಟ್ಟ ಹಣದಲ್ಲಿ ತನ್ನ ನಾಲ್ವರು ಹೋಗಿ ಬರಬಹುದು. ಆಯಿತು. ಯಾರು ಯಾರು? ದೊಡ್ಡಪ್ಪನ ಮನೆಯವರು, ಅವರು ಕೊಡಬಲ್ಲರು. ಹೆಂಡತಿಯ ತಮ್ಮ, ಕೊಡಬಲ್ಲ. ಹಿಂದಿನ ಓಣಿಯ ಸೋದರತ್ತೆ?

ಇಲ್ಲಿ ದರ್ಜಿ ನಿಂತ. ಸೋದರತ್ತೆ ಎಂದರೆ ಅವನ ತಂದೆಯ ತಂಗಿ. ಗಂಡ ತೀರಿಕೊಂಡಿದ್ದ, ಮಕ್ಕಳಿಲ್ಲ, ಚಕ್ಕುಲಿ ಕರಿದು ಅಂಗಡಿಗಳಿಗೆ ಹಾಕಿ ಬದುಕುತ್ತಿದ್ದಳು. ಪಾಪ, ಅವಳ ಕೈಯಲ್ಲಿ ಟಿಕೆಟ್ಟಿಗೆ ದುಡ್ಡೆಲ್ಲಿ? ಕರೆದು ಅವಳನ್ನು ಮುಜುಗರಕ್ಕೆ ಏಕೆ ಸಿಕ್ಕಿಸಬೇಕು? ಬೇಡ, ಅವಳ ಒಳ್ಳೆಯದಕ್ಕೇ ಬೇಡ. ನೋಡಿ, ಒಬ್ಬರನ್ನು ಬಿಟ್ಟುಬಿಡುವಾಗ ನಮ್ಮ ಮನಸ್ಸು ಎಷ್ಟು ಮೃದುವಾಗುತ್ತದೆ!

ಅವನು ತಾಯಿಗೆ ಹೇಳಿದ. “ಅವ್ವ, ನಮ್ಮೋರಿಗೆಲ್ಲ ಒಂದು ಮಾತು ಹೇಳ್ಬಿಡು. ಭಾನುವಾರ ಬೆಳಿಗ್ಗೆ ಬಸ್ಸು. ತಲೆಗೆ ಇಷ್ಟಾಗುತ್ತೆ ಅಂತ ಹೇಳು.”

“ಹೇಳ್ತೀನಿ ಬಿಡಪ್ಪ” ಎಂದಳು ತಾಯಿ.

ದರ್ಜಿ ನಿಶ್ಚಿಂತೆಯಿಂದ ಯಂತ್ರದ ಮುಂದೆ ಕೂತ. ಮದುವೆಯ ಕಾಲ, ರವಿಕೆಗಳು ರಾಶಿ ಬಿದ್ದಿದ್ದವು. ತಲೆ ಎತ್ತಲಿಲ್ಲ. ಎತ್ತಿದ್ದರೆ ತಾಯಿ ರೇಷ್ಮೆ ಸೀರೆ ಉಟ್ಟು ಹೊರಡುವುದು ಕಾಣುತ್ತಿತ್ತು. ಅವಳ ಕೈಯಲ್ಲಿ ಬೆಳ್ಳಿಯ ಬಟ್ಟಲು, ಅರಿಶಿನ ಕುಂಕುಮದ ತಟ್ಟೆ. ಹಿಂದೆ ಸೊಸೆ, ಎಲೆ ಅಡಿಕೆಯ ಚೀಲ ಹಿಡಿದು. ಆ ತಾಯಿ ತನ್ನ ಜೀವಮಾನದಲ್ಲಿ ಯಾರನ್ನಾದರೂ ಬಾಯಿಮಾತಿನಲ್ಲಿ ಕರೆದಿದ್ದಾಳೆಯೇ? ಒಂದು ಮಾತು ಹೇಳು ಎಂದರೆ ಅವಳ ಪಾಲಿಗೆ ಹಣೆಗೆ ಕುಂಕುಮ ಇಟ್ಟು ಹೇಳು ಎಂದೇ ಅರ್ಥ.

“ಭಾನುವಾರ ಬೆಳಿಗ್ಗೆ ನಮ್ಮನೆ ಮುಂದೆ ಬಸ್ಸು ನಿಂತಿರುತ್ತೆ. ಮನೆಮಂದಿಯೆಲ್ಲ ಬಂದುಬಿಡಬೇಕು.”

“ಏನಕ್ಕ ವಿಶೇಷ?”

“ಎಲ್ಲಾರೂ ಸೇರಿ ನೀರಲ್ಲಿ ಆಡಿ ಬರೋದು ಅಂತ ಮಗ ಇಟ್ಕೊಂಡವ್ನೆ.”

“ಯಾವ ಹೊಳೆಗೆ?”

“ಹೊಳೆ ಅಲ್ಲ ಕಣಮ್ಮ. ಅದೇನೋ ಸಿಮೆಂಟಲ್ಲಿ ಕಟ್ಟವ್ರಂತೆ. ಅಲೆ ಬರುತ್ತಂತೆ. ನಿಲ್ಸು ಅಂದ್ರೆ ನಿಲ್ಲುತ್ತಂತೆ.”

“ಅಯ್ಯೋ ಶಿವನೆ!”

ಎರಡನೆಯ ಮನೆ ದಾಟುವಾಗ ಸೊಸೆ ಮೆಲ್ಲಗೆ ಅಂದಳು. “ಅವ್ವ, ತಲೆಗೆ ಇಷ್ಟು ಅಂತ ಹೇಳ್ಬೇಕಂತೆ…”

“ಕುಂಕುಮ ಇಟ್ಟ ಕೈಲಿ ದುಡ್ಡು ಕೇಳ್ತಾರೇನೇ? ನಿನ್ನ ತವರಲ್ಲಿ ಹಂಗೆ ಮಾಡ್ತಿದ್ರಾ?”

ತವರಿನ ಮಾತು ಬಂದ ಮೇಲೆ ಯಾವ ಸೊಸೆ ಬಾಯಿ ಬಿಡುತ್ತಾಳೆ? ಅವಳು ಎಲೆ ಅಡಿಕೆಯ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

ಇನ್ನೂ ಒಂದು ಮಾತಿದೆ. ಬೀದಿಗೆ ಇಳಿದ ಕುಂಕುಮದ ತಟ್ಟೆ ಒಂದು ಮನೆ ಬಿಟ್ಟು ಇನ್ನೊಂದು ಮನೆಗೆ ಹೋಗುವಂತಿಲ್ಲ. ಹೋದರೆ ಮೊಮ್ಮಕ್ಕಳ ಕಾಲದವರೆಗೂ ಆ ಮುನಿಸು ನಡೆಯುತ್ತದೆ. ಹೀಗಾಗಿ ಲೆಕ್ಕದಲ್ಲಿ ಇಲ್ಲದವರ ಬಾಗಿಲಿಗೂ ತಟ್ಟೆ ಹೋಯಿತು. ಎದುರುಮನೆಯ ಶ್ರೀಮಂತನ ಬಾಗಿಲಿಗೂ ಹೋಯಿತು! ಎಲ್ಲ ಬಾಗಿಲಿಗೂ ಹೋದ ತಟ್ಟೆ ಒಂದು ಬಾಗಿಲಿನ ಹತ್ತಿರ ಬಂದಾಗ ಸೆರಗಿನೊಳಗೆ ಹೋಯಿತು. ಯಾವ ಬಾಗಿಲು? ಹಿಂದಿನ ಓಣಿಯ ಸೋದರತ್ತೆಯದು. ಗಂಡನಿಲ್ಲದವಳ ಮುಂದೆ ಕುಂಕುಮ ಹಿಡಿದು ನಿಲ್ಲುವುದು ಹೇಗೆ? ನಿಂತು ಅವಳನ್ನು ಏಕೆ ನೋಯಿಸಬೇಕು? ಎಂದುಕೊಂಡಳು ತಾಯಿ. ಸೊಸೆಯ ಕೈ ಹಿಡಿದು ಸರಸರನೆ ದಾಟಿಬಿಟ್ಟಳು. ಒಳಗೆ ಚಕ್ಕುಲಿಯ ಹಿಟ್ಟು ಕಲಸುತ್ತಿದ್ದವಳಿಗೆ ಬಳೆಗಳ ಸದ್ದು ಬಂದು, ಹತ್ತಿರವಾಗಿ, ನಿಲ್ಲದೆ ಮುಂದೆ ಹೋದದ್ದು ಕೇಳಿಸಿತು.

ಮಗನಿಗೊಂದು ಕಾರಣ, ತಾಯಿಗೊಂದು ಕಾರಣ. ಇಬ್ಬರದೂ ಒಳ್ಳೆಯ ಮನಸ್ಸೇ. ಎರಡು ಒಳ್ಳೆಯ ಮನಸ್ಸುಗಳು ಸೇರಿ ಒಬ್ಬಳನ್ನು ಬಾಗಿಲ ಹಿಂದೆ ಬಿಟ್ಟವು.

ಭಾನುವಾರ ಬಂತು. ಬಸ್ಸು ಬಂತು. ಡ್ರೈವರು ಇಳಿದು ಟೀ ಕುಡಿಯುವ ಮೊದಲೇ ದರ್ಜಿಯ ಮಗಳು ಹತ್ತಿ ಕಿಟಕಿಯ ಪಕ್ಕ ಕೂತಿದ್ದಳು. ತಲೆಗೆ ಅಪ್ಪ ಹೊಲಿದುಕೊಟ್ಟ ಹೂವಿನ ಟೋಪಿ. ಅವಳ ಮುಖದಲ್ಲಿ ಕುಣಿತವಿರಲಿಲ್ಲ. ಬಸ್ಸು ಹೊರಟ ಮೇಲೆ ಕುಣಿಯೋಣ ಎಂದು ಹಿಡಿದಿಟ್ಟುಕೊಂಡಂತಿತ್ತು. ದರ್ಜಿ ಅದನ್ನು ನೋಡಿ, ಒಂದು ಗಂಟೆ ತಡಿ ಮಗಳೆ ಎಂದುಕೊಂಡ.

ಆಮೇಲೆ ಜನ ಬಂದರು. ಹೇಗೆ ಬಂದರು ಗೊತ್ತೆ? ಹೆಂಗಸರು ಜರಿ ಸೀರೆ, ಮುಡಿ ತುಂಬ ಮಲ್ಲಿಗೆ. ದೊಡ್ಡಪ್ಪ ಮಡಿಕೆ ಮುರಿಯದ ಪಂಚೆ, ಹೆಗಲ ಮೇಲೆ ಶಲ್ಯ. ಎದುರುಮನೆಯ ಶ್ರೀಮಂತ ತನ್ನ ಕಾರನ್ನು ಮನೆಯಲ್ಲೇ ಬಿಟ್ಟು ರೇಷ್ಮೆ ಜುಬ್ಬ ತೊಟ್ಟು ಬಂದ. ಕುಂಕುಮ ಇಟ್ಟು ಕರೆದ ಮೇಲೆ ಹೋಗದಿರುವುದು ಹೇಗೆ? ನೀರಿಗೆ ಬೀಳಲು ಹೊರಟ ಜನ ಧಾರೆಗೆ ಹೊರಟಂತೆ ಸಾಲಾಗಿ ಬಂದು ಬಸ್ಸು ಹತ್ತಿದರು. ಮೂವತ್ತು ಎಂದೋ ದಾಟಿತು. ದರ್ಜಿ ಹಿಗ್ಗಿದ. ದೊಡ್ಡಪ್ಪನ ಹತ್ತಿರ ಹೋಗಿ ಮೆಲ್ಲಗೆ ಕೇಳಿದ.

“ದೊಡ್ಡಪ್ಪ, ಅದು… ಟಿಕೆಟ್ಟಿಂದು…”

“ಯಾವ ಟಿಕೆಟ್ಟು?”

“ಪಾರ್ಕಿಂದು. ತಲೆಗೆ ಇಷ್ಟು ಅಂತ ಅವ್ವ ಹೇಳಿದ್ಳಲ್ಲ.”

ದೊಡ್ಡಪ್ಪ ಶಲ್ಯ ಕೊಡವಿ ನಕ್ಕ. “ಕೇಳಿದ್ರೇನ್ರಪ್ಪೋ! ಕುಂಕುಮ ಇಟ್ಟು ಕರ್ಸಿ ಟಿಕೆಟ್ ಕೇಳ್ತವ್ನೆ! ನಾಳೆ ಮಗಳ ಮದುವೇಲಿ ಅನ್ನಕ್ಕೊಂದು ರೇಟು, ಸಾರಿಗೊಂದು ರೇಟು ಅಂತಾನೆ ಇವ್ನು!”

ಬಸ್ಸಿಗೆ ಬಸ್ಸೇ ನಕ್ಕಿತು. ದರ್ಜಿಯೂ ನಕ್ಕ. ಅಳಬೇಕಾದವನು ನಗುವುದನ್ನು ನೋಡಿದ್ದೀರಾ? ಅಂಗಿಯನ್ನು ಒಳಮೈ ಹೊರಗೆ ಮಾಡಿ ತೊಟ್ಟಂತೆ, ಹೊಲಿಗೆಯೆಲ್ಲ ಕಾಣುತ್ತಿರುತ್ತದೆ.

ಅವನು ತಾಯಿಯನ್ನು ಬಸ್ಸಿನ ಹಿಂದಕ್ಕೆ ಕರೆದ. “ಅವ್ವ, ಏನ್ ಮಾಡ್ದೆ ನೀನು?”

“ನಾನೇನ್ ಮಾಡ್ದೆ? ಲಕ್ಷಣವಾಗಿ ಕರೆದೆ. ಅವ್ರೂ ಲಕ್ಷಣವಾಗಿ ಬಂದವ್ರೆ.”

“ಇಷ್ಟು ಜನಕ್ಕೆ ಟಿಕೆಟ್ ನಾನೆಲ್ಲಿಂದ ತರ್ಲಿ?”

“ಜನ ಕೂಡಿಸು ಅಂದೋನು ನೀನು. ಮೂವತ್ತು ಜನ ಸಿಕ್ಕಿದ್ರೆ ಉಳಿತಾಯ ಅಂದೋನೂ ನೀನೇ. ಹೆಚ್ಚು ಜನ ಬಂದ್ರೆ ಹೆಚ್ಚು ಉಳೀಬೇಕಲ್ಲಪ್ಪ!”

ದರ್ಜಿ ಮನೆಗೆ ಅಂಟಿದ ತನ್ನ ಅಂಗಡಿಯ ಮೆಟ್ಟಿಲ ಮೇಲೆ ಹೋಗಿ ಕೂತ. ಬೆನ್ನಿಗೆ ಮುಚ್ಚಿದ ಬಾಗಿಲು. ಕೂಡಿಟ್ಟದ್ದು ನಾಲ್ವರ ಟಿಕೆಟ್ಟಿಗೆ ಮತ್ತು ಬಸ್ಸಿನಲ್ಲಿ ತನ್ನ ಪಾಲಿಗೆ, ಅಷ್ಟೆ. ಕೊನೆಗೆ ಅವನಿಗೆ ಒಂದು ಸುಳ್ಳು ಹೊಳೆಯಿತು. ಫೋನು ಬಂತು, ಪಾರ್ಕಿನಲ್ಲಿ ಇಂದು ನೀರಿಲ್ಲವಂತೆ, ಬಾಗಿಲು ಹಾಕಿದ್ದಾರಂತೆ ಎಂದುಬಿಡುವುದು. ಎಲ್ಲರಿಗೂ ಉಪ್ಪಿಟ್ಟು ಕಾಫಿ ಕೊಟ್ಟು ಕಳಿಸಿಬಿಡುವುದು. ಮಾನ ಉಳಿಯುತ್ತದೆ.

ಅಷ್ಟರಲ್ಲಿ ಒಂದು ತಗಡಿನ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಯಾರೋ ಬಂದರು. ಯಾರು? ಸೋದರತ್ತೆ.

“ಏನೋ ಇದು, ಹರಳೆಣ್ಣೆ ಕುಡಿದೋನ ಹಂಗೆ ಕೂತಿದ್ದೀಯ?” ಎಂದಳು. “ಪುಟ್ಟಿ ದಾರೀಲಿ ತಿನ್ಲಿ ಅಂತ ಚಕ್ಕುಲಿ ತಂದೆ. ನಾನು ಬರಾಕೆ ಬಂದೋಳಲ್ಲ, ಹೆದರ್ಕೋಬೇಡ.”

ದರ್ಜಿಗೆ ಅವಳ ಮುಖ ನೋಡಲಾಗಲಿಲ್ಲ. ಆದರೆ ಎಲ್ಲವನ್ನೂ ಹೇಳಿಬಿಟ್ಟ. ಗ್ರೂಪ್ ರೇಟು ಹೇಳಿದ, ಕುಂಕುಮ ಹೇಳಿದ, ಹೇಳಬೇಕೆಂದಿದ್ದ ಸುಳ್ಳನ್ನೂ ಹೇಳಿದ.

ಸೋದರತ್ತೆ ಬಸ್ಸಿನ ಕಿಟಕಿಯ ಕಡೆ ನೋಡಿದಳು. “ಹೇಳು, ದೊಡ್ಡೋರು ನಂಬ್ತಾರೆ. ಅಲ್ಲಿ ಟೋಪಿ ಹಾಕ್ಕೊಂಡು ಕೂತವ್ಳಲ್ಲ, ಅವಳೂ ನಂಬ್ತಾಳೆ. ಅಳೋದಿಲ್ಲ, ಹಟ ಮಾಡೋದಿಲ್ಲ. ಸುಮ್ನೆ ಇಳಿದು ಬಂದು ನಿನ್ನ ಪಕ್ಕ ಕೂತು ಗುಂಡಿ ಹಚ್ತಾಳೆ. ಅದನ್ನ ನೋಡೋ ಧೈರ್ಯ ಐತಾ ನಿಂಗೆ?”

ದರ್ಜಿ ಇಲ್ಲವೆಂದು ತಲೆಯಾಡಿಸಿದ.

“ಹಂಗಾದ್ರೆ ಎದ್ದೇಳು. ಮನೆಯಿಂದ ಒಂದು ತಟ್ಟೆ ತಗೊಂಬಾ. ದೊಡ್ಡದು ತಾ.”

ಅವಳು ತಟ್ಟೆಯನ್ನು ಹಿಡಿದು ಬಸ್ಸಿನ ಮೆಟ್ಟಿಲು ಹತ್ತಿ, ಡ್ರೈವರನ ಪಕ್ಕದ ಇಂಜಿನ್ನಿನ ಡಬ್ಬದ ಮೇಲೆ ಕೂತಳು. ತಟ್ಟೆಯ ಮೇಲೆ ಸೆರಗು ಹೊದಿಸಿದಳು. ಆಮೇಲೆ ಕೂಗಿದಳು. “ಏನ್ರಮ್ಮ, ಏನ್ರಪ್ಪ! ಕುಂಕುಮಕ್ಕೆ ಬಂದೋರು ಮುಯ್ಯಿ ಇಲ್ದೆ ಊಟಕ್ಕೆ ಕೂರ್ತೀರಾ? ಎಲ್ಲಾದ್ರೂ ಉಂಟಾ?”

ಹೌದಲ್ಲ! ಕರೆದ ಮನೆಗೆ ಮುಯ್ಯಿ ಇಡದೆ ಉಣ್ಣುವುದು ಹೇಗೆ? ಹೆಂಗಸರು ಗಂಡಂದಿರ ಕಡೆ ನೋಡಿದರು.

“ಮದುವೇಲಿ ಊಟಕ್ಕೆ ಮಾತ್ರ ಮುಯ್ಯಿ. ಇಲ್ಲಿ ಊಟನೂ ಐತೆ, ಆಟನೂ ಐತೆ. ಅದ್ಕೆ ಮನೆಗೊಂದು ಮುಯ್ಯಿ ಅಲ್ಲ, ತಲೆಗೊಂದು. ಟಿಕೆಟ್ಟು ಎಷ್ಟೋ ಅಷ್ಟು, ಮೇಲೊಂದು ರೂಪಾಯಿ. ಇಲ್ದೋರು ಆ ಒಂದು ರೂಪಾಯಿ ಇಟ್ರೂ ಮುಯ್ಯೇ. ಕೈ ಸೆರಗಿನೊಳಗೆ ಹಾಕಿ, ಯಾರಿಗೂ ಕಾಣಲ್ಲ. ಬರ್ಕೊಳ್ಳೋದೂ ಇಲ್ಲ.”

ನೋಡಿ, ಅದೇ ಹಣ. ಟಿಕೆಟ್ಟು ಎಂದು ಕೇಳಿದಾಗ ಬಸ್ಸೆಲ್ಲ ನಕ್ಕು ಅವಮಾನ ಮಾಡಿದ ಅದೇ ಹಣ. ಮುಯ್ಯಿ ಎಂದ ಕೂಡಲೇ ಚೀಲಗಳ ಬಾಯಿ ತಾವಾಗಿಯೇ ಬಿಚ್ಚಿದವು. ದೊಡ್ಡಪ್ಪ ಮೊದಲು ಎದ್ದು ಬಂದ. ಸಾಲು ನಿಂತಿತು. ಒಬ್ಬೊಬ್ಬರ ಕೈಯೂ ಸೆರಗಿನೊಳಗೆ ಹೋಗಿ ಬಂತು. ಶ್ರೀಮಂತನ ಕೈಯೂ ಹೋಯಿತು, ಬಂತು.

“ಸಾಹುಕಾರ್ರೇ,” ಎಂದಳು ಸೋದರತ್ತೆ, “ನಿಮ್ ಕೈ ಬಹಳ ಬೇಗ ಬಂತಲ್ಲ. ಒಳಗೆ ಏನಾದ್ರೂ ಬಿಟ್ಟು ಬಂತಾ, ಇಲ್ಲ ಸುಮ್ನೆ ಕ್ಷೇಮ ವಿಚಾರಿಸ್ಕೊಂಡು ಬಂತಾ?”

ಇಷ್ಟು ಹೇಳಿ ಅವಳೇ ಮೊದಲು ನಕ್ಕಳು. ಆಮೇಲೆ ಎಲ್ಲರೂ ನಕ್ಕರು. ಶ್ರೀಮಂತನೂ ನಗುತ್ತ ಇನ್ನೊಂದು ಸಾರಿ ಕೈ ಹಾಕಿದ. ಈ ಸಲ ಕೈ ನಿಧಾನವಾಗಿ ಬಂತು.

ತಟ್ಟೆಯಲ್ಲಿದ್ದದ್ದನ್ನು ಅವಳು ಒಂದು ವಸ್ತ್ರದಲ್ಲಿ ಗಂಟು ಕಟ್ಟಿ ದರ್ಜಿಯ ಕೈಗಿಟ್ಟಳು. “ಸಾಕಾಗುತ್ತೆ, ಹೊರಡು” ಎಂದಳು. ಬಸ್ಸಿನಿಂದ ಇಳಿದಳು. ಹೊರಗಿನಿಂದ ಕಿಟಕಿಯ ಹತ್ತಿರ ಬಂದು ಚಕ್ಕುಲಿಯ ಡಬ್ಬಿಯನ್ನು ಮಗುವಿನ ಮಡಿಲಿಗೆ ಹಾಕಿದಳು. “ಒಬ್ಳೇ ತಿನ್ಬೇಡ, ಹಂಚು. ಹಂಗಂತ ಎಲ್ಲಾನೂ ಹಂಚ್ಬೇಡ.”

ಡ್ರೈವರು ಬಸ್ಸಿಗೆ ಜೀವ ಕೊಟ್ಟ. ಆಗ, ಕೇಳುವುದನ್ನೇ ಬಿಟ್ಟಿದ್ದ ಮಗಳು ಅಪ್ಪನ ಅಂಗಿ ಹಿಡಿದು ಎಳೆದಳು.

“ಅಪ್ಪ, ಚಕ್ಕುಲಿ ಅಜ್ಜೀನೂ ಕರ್ಕೊಂಡು ಹೋಗೋಣ್ವಾ?”

ದರ್ಜಿಯ ನಾಲಿಗೆಗೆ ಹಳೆಯ ಅಭ್ಯಾಸ. ‘ನೋಡೋ’ ಎನ್ನುವವರೆಗೆ ಬಂದೇಬಿಟ್ಟಿತ್ತು. ಅವನು ಬಾಯಿ ಮುಚ್ಚಿದ. ಮಗಳ ಮುಖ ನೋಡಿದ. “ಡ್ರೈವರೇ, ನಿಲ್ಸಿ!” ಎಂದು ಕೂಗಿದ.

ಅವನು ಇಳಿದು ಓಡಿದ. “ಅತ್ತೆ, ನೀನೂ ಬಾ.”

“ಕರೆದ್ರೆ ತಾನೇ ಬರೋದು?” ಎಂದಳು ಅವಳು. ನಗುತ್ತಲೇ ಹೇಳಿದಳು. ಆದರೆ ಆ ನಗುವಿನ ಹಿಂದೆ ಯಾರೂ ನಗಲಿಲ್ಲ.

ಬಸ್ಸಿನ ಬಾಗಿಲಲ್ಲಿ ತಾಯಿ ಬಂದು ನಿಂತಿದ್ದಳು. ಅವಳ ಕೈಯಲ್ಲಿ ಬಸ್ಸಿನ ಪೂಜೆಗೆಂದು ತಂದ ಕುಂಕುಮದ ಬಟ್ಟಲು ಇತ್ತು. ಅದನ್ನು ನೋಡಿಕೊಂಡಳು, ನಾದಿನಿಯ ಬರಿಯ ಹಣೆಯನ್ನು ನೋಡಿದಳು. “ಇದು ಹಿಡ್ಕೊಂಡು ನಿನ್ನ ಬಾಗ್ಲಿಗೆ ಹೆಂಗೆ ಬರ್ಲಿ ಅಂತ ದಾಟಿ ಹೋದೆ ಕಣೇ” ಎಂದಳು.

“ಗೊತ್ತು ಅತ್ತಿಗೆ. ಬಳೆ ಸದ್ದು ಕೇಳ್ತು. ಬರೀ ಕೈಲಿ ಬಂದಿದ್ರೂ ಆಗ್ತಿತ್ತು.”

ತಾಯಿ ಬಟ್ಟಲನ್ನು ಸೊಸೆಯ ಕೈಗೆ ಕೊಟ್ಟು ಮನೆಯೊಳಗೆ ಹೋದಳು. ದೇವರ ಗೂಡಿನಿಂದ ವಿಭೂತಿ ಗಟ್ಟಿ ತಂದಳು. ಬೀದಿಯ ನ‌ಡುವೆ, ಬಸ್ಸಿನ ಎಲ್ಲ ಕಿಟಕಿಗಳ ಎದುರು, ನಾದಿನಿಯ ಹಣೆಗೆ ಮೂರು ಬೆರಳಿನಿಂದ ಎಳೆದಳು. “ಇದು ಎಲ್ಲರ ಹಣೆಗೂ ಆಗುತ್ತೆ. ಇಷ್ಟು ವಯಸ್ಸಾದ್ರೂ ಹೊಳೀಲಿಲ್ಲ ನಂಗೆ. ಮನೆಮಂದಿಯೆಲ್ಲ ಬರಬೇಕು.”

“ಮನೆಮಂದಿ ಅಂದ್ರೆ ನಾನು, ನನ್ನ ಬಾಣಲೆ” ಎಂದಳು ಸೋದರತ್ತೆ. “ಬಾಣಲೆ ಬಿಟ್ಟು ಬತ್ತೀನಿ ಬಿಡಿ.”

ಈಗ ನಕ್ಕಿರಿ! ಒಳ್ಳೆಯದು. ಇಷ್ಟು ಹೊತ್ತು ಕಾದೆ.

ಪಾರ್ಕಿನಲ್ಲಿ ಏನಾಯಿತೆಂದು ಹೆಚ್ಚು ಹೇಳುವುದಿಲ್ಲ. ಜರಿ ಸೀರೆಯಲ್ಲಿ ನೀರಿಗೆ ಇಳಿಯುವಂತಿಲ್ಲ ಎಂದು ಕಾವಲಿನವನು ತಡೆದ. ಬಾಡಿಗೆಯ ಉಡುಪು ಹಾಕಿಕೊಳ್ಳಬೇಕಾಯಿತು. ಒಂದೇ ಬಣ್ಣದ ಚಡ್ಡಿ, ಒಂದೇ ಬಣ್ಣದ ಅಂಗಿ. ಪಂಚೆ ಶಲ್ಯ ಹೋದ ಮೇಲೆ ದೊಡ್ಡಪ್ಪನನ್ನು ಸ್ವಂತ ಹೆಂಡತಿಯೇ ಗುರುತಿಸದೆ, “ಸ್ವಲ್ಪ ಸರ್ಕೊಳ್ಳಿ ಅಣ್ಣ” ಎಂದಳಂತೆ. ಶ್ರೀಮಂತ ಯಾರು, ದರ್ಜಿ ಯಾರು, ಮುಯ್ಯಿ ಇಟ್ಟವರು ಯಾರು, ಒಂದು ರೂಪಾಯಿ ಇಟ್ಟವರು ಯಾರು, ಏನೂ ತಿಳಿಯುವಂತಿರಲಿಲ್ಲ. ಶ್ರೀಮಂತನಿಗೆ ಅಂದೇ ಮೊದಲ ಸಾರಿ ತಲೆ ನೆನೆದದ್ದು. ಅಷ್ಟು ವರ್ಷ ಬಂದಿದ್ದರೂ ಅವನು ದಡದಲ್ಲಿ ಕೂತು ಚೀಲ ಕಾಯುತ್ತಿದ್ದನಂತೆ. ಈಗ ಚೀಲ ಕಾಯಲು ದರ್ಜಿಯ ತಾಯಿ ಇದ್ದಳು.

ಅಲ್ಲಿ ಒಂದು ಎತ್ತರದ ಜಾರುಬಂಡೆ. ಮಗಳು ಸೋದರತ್ತೆಯ ಕೈ ಹಿಡಿದುಕೊಂಡು ಮೇಲೆ ಹೋದಳು. ಕೆಳಗೆ ಎಲ್ಲರೂ ಕತ್ತೆತ್ತಿ ನಿಂತರು. ಅಲ್ಲಿಂದ ಜಾರುವ ಎಲ್ಲರೂ ಕಿರುಚುತ್ತ ಬರುತ್ತಾರೆ, ಕೆಳಗೆ ಬಿದ್ದ ಮೇಲೆ ನಗುತ್ತಾರೆ. ಸೋದರತ್ತೆ ಕಿರುಚಲಿಲ್ಲ. ಮೇಲೆ ಕೂತಾಗಲೇ ನಗಲು ಶುರುಮಾಡಿದಳು. ಆಕೆಯಿನ್ನೂ ಅರ್ಧ ದಾರಿಯಲ್ಲಿರುವಾಗಲೇ ಕೆಳಗಿದ್ದ ಇಡೀ ನೆಂಟರ ಗುಂಪು ನಗುತ್ತಿತ್ತು.

ಸಂಜೆ ಬಸ್ಸಿನಲ್ಲಿ ದರ್ಜಿಯ ಮಗಳು ಅಪ್ಪನ ತೊಡೆಯ ಮೇಲೆ ಕೈ ಇಟ್ಟು ಕೂತಿದ್ದಳು. ಕೈಯಲ್ಲಿ ಕಾಗದದ ಪಟ್ಟಿ. ಅವಳು ಕೇಳಿದಳು. “ಅಪ್ಪ, ಮುಂದಿನ ವರ್ಷನೂ ಬರೋಣ್ವಾ?” ಬೇರೆ ಯಾವ ತಂದೆಯಾದರೂ ಆ ಪ್ರಶ್ನೆಗೆ ಬೆವರುತ್ತಿದ್ದ. ಇವನಿಗೆ ಕಣ್ಣು ತುಂಬಿತು. ಮಗಳು ಮತ್ತೆ ಕೇಳಲು ಶುರುಮಾಡಿದ್ದಾಳೆ! “ಮುಂದಿನ ವರ್ಷ ಆಗೋದಿಲ್ಲ ಪುಟ್ಟಿ” ಎಂದ. “ಅದರ ಮುಂದಿನ ವರ್ಷಕ್ಕೆ ಈಗಿಂದ ಕೂಡಿಡೋಣ, ನೀನೂ ಗುಂಡಿ ಹಚ್ಚು.” ಅವಳು ಆಗಲಿ ಎಂದು ಅಲ್ಲೇ ನಿದ್ದೆಹೋದಳು. ನೋಡೋಣ ಎಂದಾಗ ಬಾರದ ನಿದ್ದೆ, ಆಗೋದಿಲ್ಲ ಎಂದಾಗ ಬಂತು. ಏಕೆಂದರೆ ಅದು ನಿಜವಾಗಿತ್ತು.

ಕಥೆ ಮುಗಿಯಿತು. ಈಗ ನಿಮ್ಮ ಕಡೆಗೆ ಬರೋಣ. ಎಲ್ಲಿಗೆ ಎದ್ದಿರಿ? ಕೂತುಕೊಳ್ಳಿ, ಹೋಳಿಗೆ ಆರುವುದಿಲ್ಲ.

ಆ ದರ್ಜಿ ಯಾರು ಎಂದು ಕೇಳಬೇಡಿ. ನಾನು ಕೂತಿರುವ ಈ ಗಾದಿಯ ಹೊದಿಕೆ ಹೊಲಿದವನೇ ಇರಬಹುದು. ಆ ಸೋದರತ್ತೆ ಯಾರೆಂದು ಹೇಳುವ ಅಗತ್ಯವಿಲ್ಲ. ಆಗಲೇ ಅರ್ಧ ಜನ ಆ ಕಂಬದ ಕಡೆ ತಿರುಗಿದ್ದೀರಿ. ಆದರೆ ಒಂದು ಮಾತು ಕೇಳುತ್ತೇನೆ. ಮೂವತ್ತು ಜನ ಬೇಕಾದಾಗ ಮಾತ್ರ ನೆನಪಾಗುವ ನೆಂಟರು ನಿಮಗೂ ಇಲ್ಲವೆ? ಅವರ ಒಳ್ಳೆಯದಕ್ಕೇ ಎಂದುಕೊಂಡು ನೀವು ಕರೆಯದೆ ಬಿಟ್ಟವರು ಇಲ್ಲವೆ? ನಡೆಯಲು ಆಗದವರು, ಮಕ್ಕಳಿಲ್ಲದವರು, ಬಂದರೆ ಅಳುತ್ತಾರೆ ಎಂದು, ಬಂದರೆ ಮುಯ್ಯಿ ಇಡಲಾರರು ಎಂದು! ಬರುವುದು ಬಿಡುವುದು ಅವರಿಗೆ ಸೇರಿದ್ದು. ಕರೆಯುವುದು ನಿಮಗೆ ಸೇರಿದ್ದು. ಅವರ ಪರವಾಗಿ ‘ಬರುವುದಿಲ್ಲ’ ಎಂದು ನೀವೇ ಹೇಳಿಬಿಡಬೇಡಿ.

ಇಲ್ಲಿ ಕೂತಿರುವ ತಾಯಂದಿರು ಕೇಳಿ. ಮುಂದಿನ ನಾಮಕರಣಕ್ಕೋ ಗೃಹಪ್ರವೇಶಕ್ಕೋ ಕರೆಯಲು ಹೊರಡುವಾಗ ಆ ತಟ್ಟೆಯಲ್ಲಿ ಕುಂಕುಮದ ಪಕ್ಕ ವಿಭೂತಿ ಗಟ್ಟಿಯನ್ನೂ ಇಟ್ಟುಕೊಳ್ಳಿ. ಯಾವ ಬಾಗಿಲ ಮುಂದೆಯೂ ತಟ್ಟೆ ಸೆರಗಿನೊಳಗೆ ಹೋಗದಿರಲಿ. ಬಳೆಗಳ ಸದ್ದು ಒಳಗಿರುವವರಿಗೆ ಕೇಳಿಸುತ್ತದೆ. ನಿಂತದ್ದೂ ಕೇಳಿಸುತ್ತದೆ, ನಿಲ್ಲದೆ ಹೋದದ್ದೂ ಕೇಳಿಸುತ್ತದೆ. ಗಂಡಸರು ಕೇಳಿ. ಮನೆಗೆ ಹೋದ ಮೇಲೆ ಮಗು ಏನಾದರೂ ಕೇಳಿದರೆ, ಆಗುತ್ತದೆ ಎನ್ನಿ, ಇಲ್ಲವಾದರೆ ಆಗುವುದಿಲ್ಲ ಎನ್ನಿ. ನೋಡೋಣ ಎನ್ನಬೇಡಿ. ಮಗು ಏನನ್ನೂ ಕೇಳದಿದ್ದರೆ ಇನ್ನೂ ಹತ್ತಿರ ಹೋಗಿ ಕೂತುಕೊಳ್ಳಿ.

ಮುಂದಿನ ಗುರುವಾರ ಆ ಕಂಬದ ಬುಡದಲ್ಲಿ ಜಾಗ ಖಾಲಿ ಇರುತ್ತದೆ. ಹಾಗೆಯೇ ಬಿಡಬೇಡಿ. ನಿಮ್ಮ ಓಣಿಯಲ್ಲಿ ತಟ್ಟೆ ನಿಲ್ಲದ ಒಂದು ಮನೆ ಇರುತ್ತದೆ. ಅವರನ್ನು ಕರೆತಂದು ಅಲ್ಲಿ ಕೂರಿಸಿ. ನನ್ನ ಮಾತಿಗೆ ಅವರು ನಗದಿದ್ದರೂ ಚಿಂತೆಯಿಲ್ಲ.

ಈಗ ಎಲ್ಲರೂ ಕಣ್ಣು ಮುಚ್ಚಿ, ಕೈ ಮುಗಿಯಿರಿ.

ಶಿವನೆ, ನಿನ್ನ ಬಾಗಿಲಿಗೆ ಹಾಲಮ್ಮ ಬಂದಿದ್ದಾರೆ. ಕರೆಯದೆ ಎಲ್ಲಿಗೂ ಹೋದವರಲ್ಲ; ನೀನು ಕರೆದೆ, ಹೋದರು. ಇಲ್ಲಿ ನಾವು ದಾಟಿಹೋದ ಬಾಗಿಲುಗಳನ್ನೆಲ್ಲ ನೀನು ಅಲ್ಲಿ ಅವರಿಗೆ ತೆರೆದುಕೊಡು. ಹಿಟ್ಟು ಕಲಸಿ ದಣಿದ ಕೈಗಳಿಗೆ ವಿಶ್ರಾಂತಿ ಕೊಡು. ಬಾಗಿಲ ಹಿಂದೆ ಒಬ್ಬರೇ ಕೂತ ದಿನಗಳ ನೋವನ್ನು ತೆಗೆದುಹಾಕು. ನಿನ್ನ ಸನ್ನಿಧಿಯಲ್ಲಿ ಒರಗಿ ಕೂರಲು ಅವರಿಗೊಂದು ಕಂಬ ಇರಲಿ. ನೀನು ಏನಾದರೂ ನಗೆಯ ಮಾತು ಹೇಳಿದರೆ ಮುಗಿಯುವ ಮೊದಲೇ ಅವರು ನಗುತ್ತಾರೆ; ತಪ್ಪು ತಿಳಿಯಬೇಡ. ಆ ಜೀವಕ್ಕೆ ಶಾಂತಿ ಕೊಡು ತಂದೆ. ಶಾಂತಿ ಕೊಡು.